ಬೆನ್ನ ಮೇಲೊಂದು ಮನೆ

ಕ್ಯಾಲಿಫೋರ್ನಿಯಾದ ಸಲೀನಾಸ್ ಪಟ್ಟಣ ಅಮೆರಿಕದ ಪ್ರಖ್ಯಾತ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್‌ನ ಜನ್ಮಸ್ಥಳ. ಆತನ ನೆನಪಿಗಾಗಿ ಅಲ್ಲಿ ನಿರ್ಮಿಸಿರುವ ಭವನದಲ್ಲಿ ಹಸುರು ಬಣ್ಣದ ಹಳೆಯ ವಾಹನವೊಂದನ್ನು ಜೋಪಾನವಾಗಿ ಇರಿಸಿದ್ದಾರೆ. ಮುಂದೆ ಲಾರಿಯ ಮೋರೆ. ಹಿಂದೆ, ಸಾಮಾನು ತುಂಬುವ ತೊಟ್ಟಿಯಲ್ಲಿ, ಕಿಟಕಿ ಬಾಗಿಲುಗಳುಳ್ಳ ಪುಟ್ಟದೊಂದು ಮನೆ. ೧೯೬೦ರ ಶರತ್ಕಾಲದಲ್ಲಿ, ತನ್ನ ೫೮ನೆಯ ವಯಸ್ಸಿನಲ್ಲಿ, ಚಾರ್ಲಿ ಎಂಬ ನಾಯಿಯನ್ನು ಜೊತೆಗೆ ಕೂರಿಸಿಕೊಂಡು ಸ್ಟೈನ್‌ಬೆಕ್ ಸ್ವದೇಶವನ್ನು ಮತ್ತೊಮ್ಮೆ ಕಣ್ಣಾರೆ ಕಾಣಲು ಹೊರಟದ್ದು ಈ ವಾಹನದಲ್ಲಿಯೇ. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರಾದ ರೋಸಿನಾಂಟೆ ಎಂಬುದನ್ನೇ ಆತ ಇದಕ್ಕೂ ಇಟ್ಟನು. ಪ್ರವಾಸದ ಕಥನ ೧೯೬೨ರಲ್ಲಿ ಅಚ್ಚಾಯಿತು; ನೊಬೆಲ್ ಪಾರಿತೋಷಕ ಬಂದುದೂ ಅದೇ ವರ್ಷ.

ಆ ಗೂಡಿನಲ್ಲಿ ಹಾಸಿಗೆಯಿತ್ತು, ಒಲೆಯಿತ್ತು, ರೆಫ್ರಿಜಿರೇಟರ್ ಇತ್ತು. ಸಾಲದುದಕ್ಕೆ, ಎಂದಾದರೂ ಓದಬೇಕೆಂದು ಎತ್ತಿಟ್ಟ ೧೫೦ ಪೌಂಡು ಪುಸ್ತಕಗಳನ್ನೂ ಆತ ಹೇರಿಕೊಂಡಿದ್ದನಂತೆ. ಬೇಕಾದುದಕ್ಕಿಂತ ನಾಲ್ಕು ಪಟ್ಟು ಸಾಮಾನು ಒಯ್ದೆನೆಂದು ಅನಂತರ ತಾನೇ ಬರೆದುಕೊಂಡಿದ್ದಾನೆ. ಆದರೂ ರೋಸಿನಾಂಟೆ ಭಾರವನ್ನು ತಾಳಿಕೊಂಡಿತು. ಏಕೆಂದರೆ ಆತ ಬೇಡಿ ಪಡೆದದ್ದು ಮುಕ್ಕಾಲು ಟನ್ನಿನ ಗಟ್ಟಿ ವಾಹನ.

ಇಂದು ಅಮೆರಿಕದ ಮನೆಗಳ ಮುಂದೆ ಹೆಚ್ಚಾಗಿ ಕಾಣಸಿಗುವುದು ಅರ್ಧ ಟನ್ನಿನ ಪಿಕಪ್: ಫೋರ್ಡ್ ಎಫ್-೧೫೦, ಷೆವರ್ಲೆ ಸಿಲ್ವೆರಾಡೊ ೧೫೦೦, ರಾಮ್ ೧೫೦೦ ಮೊದಲಾದವು. ವಾರವೆಲ್ಲ ಕಚೇರಿಗೂ ಅಂಗಡಿಗೂ ಓಡಾಡುವ ಈ ವಾಹನದ ಬೆನ್ನ ಮೇಲೆ ರಜೆ ಬಂದಾಗ ಮನೆಯೊಂದನ್ನು ಏರಿಸಿ, ರಜೆ ಮುಗಿದೊಡನೆ ಇಳಿಸಿಡುವ ಆಸೆ ಅನೇಕರದು. ಇಂತಹ ಮನೆಗೆ ಟ್ರಕ್ ಕ್ಯಾಂಪರ್ ಎಂದು ಹೆಸರು. ಅಂಗಡಿಯಲ್ಲಿ ಅದರ ಅಂದಚೆಂದಗಳನ್ನು ನೋಡಿ ಮರುಳಾಗುವುದು ಸುಲಭ. ಹೊರಬಲ್ಲುದೇ ಎಂದು ಪಿಕಪ್ಪನ್ನು ಮೊದಲು ಕೇಳುವವರು ಮಾತ್ರ ವಿರಳ.

ಅರ್ಧ ಟನ್ ಎಂಬುದು ಹಿಂದಿನ ಕಾಲದ ಹೆಸರು. ಅಮೆರಿಕನ್ನರ ಟನ್ನಿಗೆ ೨,೦೦೦ ಪೌಂಡು. ಅದರರ್ಧ ೧,೦೦೦ ಪೌಂಡು, ಎಂದರೆ ಸುಮಾರು ೪೫೪ ಕಿಲೋ. ಇಂದಿನ ವಾಹನಗಳು ಅದಕ್ಕಿಂತ ಹೆಚ್ಚು ಹೊರುತ್ತವೆ, ನಿಜ. ಆದರೆ ಜಾಹೀರಾತಿನ ದೊಡ್ಡ ಅಂಕಿ ಪ್ರತಿಯೊಂದು ವಾಹನಕ್ಕೂ ಸಲ್ಲುವುದಿಲ್ಲ. ನಾಲ್ಕು ಬಾಗಿಲು, ಗಾಜಿನ ಮಾಡು, ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಎಂದು ಸೌಕರ್ಯಗಳು ಬೆಳೆದಷ್ಟೂ ಹೊರುವ ಶಕ್ತಿ ಕುಗ್ಗುತ್ತದೆ. ನಂಬತಕ್ಕ ಅಂಕಿ ಇರುವುದು ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ. ಕುಳಿತವರು ಮತ್ತು ಸಾಮಾನು, ಎರಡೂ ಸೇರಿ ಇಷ್ಟನ್ನು ಮೀರಕೂಡದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಚೀಟಿಯಲ್ಲಿ ೧,೭೦೦ ಪೌಂಡು, ಅಂದರೆ ಸುಮಾರು ೭೭೦ ಕಿಲೋ ಎಂದು ಬರೆದಿದೆಯೆನ್ನಿ. ಕ್ಯಾಂಪರಿನ ತೂಕ ೫೦೦ ಕಿಲೋ ಎಂದು ಪಟ್ಟಿಯಲ್ಲಿದೆ. ೨೭೦ ಕಿಲೋ ಮಿಕ್ಕಿತಲ್ಲ ಎಂದು ಕೊಳ್ಳುವವನು ಹಿಗ್ಗುತ್ತಾನೆ. ಆದರೆ ಪಟ್ಟಿಯಲ್ಲಿರುವುದು ಬರಿದಾದ ಗೂಡಿನ ತೂಕ. ರೆಫ್ರಿಜಿರೇಟರ್, ಬಿಸಿಗಾಳಿಯ ಯಂತ್ರ, ಹೊರಗಿನ ನೆರಳು ಚಪ್ಪರ ಇವುಗಳಿಗೆ ೬೦ ಕಿಲೋ, ೨೦ ಗ್ಯಾಲನ್ ನೀರಿಗೆ ೭೫, ತುಂಬಿದ ಅನಿಲದ ಸಿಲಿಂಡರಿಗೆ ೧೭, ಬ್ಯಾಟರಿಗೆ ೨೮, ಗಂಡಹೆಂಡಿರಿಗೆ ೧೪೦, ದಿನಸಿ, ಬಟ್ಟೆ, ಪಾತ್ರೆ, ಸಲಕರಣೆಗಳಿಗೆ ೮೦. ಒಟ್ಟು ೯೦೦ ಕಿಲೋ! ಮನೆಯ ಅಂಗಳವನ್ನು ದಾಟುವ ಮೊದಲೇ ೧೩೦ ಕಿಲೋ ಅಧಿಕವಾಯಿತು.

ತೂಕ ಎಷ್ಟು ಎಂಬುದರಷ್ಟೇ ಅದು ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಎತ್ತಿನ ಗಾಡಿಗೆ ಹೇರು ಹಾಕಿ ಬಲ್ಲವರಿಗೆ ಈ ಸೂತ್ರ ಹೊಸದಲ್ಲ. ಹಿಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಬಿಟ್ಟು ಮೇಲೇಳುತ್ತದೆ. ಪಿಕಪ್ಪಿನಲ್ಲಿಯೂ ಕ್ಯಾಂಪರಿನ ಭಾರಕೇಂದ್ರ ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ಕೊಂಚ ಮುಂದಕ್ಕೆ ಬೀಳಬೇಕು. ಹಿಂದೆ ಸರಿದರೆ ಮುಂಗಾಲಿಗಳು ಹಗುರವಾಗಿ, ಸ್ಟೀರಿಂಗ್ ಚಾಲಕನ ಮಾತನ್ನು ಕೇಳುವುದಿಲ್ಲ. ತೊಟ್ಟಿಯ ಉದ್ದ ಐದೂವರೆ ಅಡಿಯೋ, ಆರೂವರೆಯೋ, ಎಂಟೋ ಎಂಬುದನ್ನು ಅಳೆದು, ಅದಕ್ಕೆ ಒಪ್ಪುವ ಗೂಡನ್ನೇ ಆರಿಸಬೇಕಾದುದು ಇದಕ್ಕಾಗಿಯೇ.

ಲೆಕ್ಕ ತಪ್ಪಿದರೆ ಆಗುವುದೇನು? ಕನ್ನಡಿಗರು ಅನೇಕರು ನೆಲೆಸಿರುವ ಸ್ಯಾನ್ ಹೋಸೆ, ಫ್ರೀಮಾಂಟ್ ಮೊದಲಾದ ಊರುಗಳಿಂದ ಪೂರ್ವಕ್ಕೆ ಒಂದು ದಿನ ಪಯಣಿಸಿದರೆ ಉತ್ತರ ದೊರಕುತ್ತದೆ. ಯೊಸೆಮಿಟಿ ವನವನ್ನು ಹಾದು ಸಿಯೆರಾ ನೆವಾಡ ಪರ್ವತವನ್ನೇರುವ ದಾರಿ ೯,೯೪೩ ಅಡಿ ಎತ್ತರದಲ್ಲಿ ಟಯೋಗಾ ಕಣಿವೆಯನ್ನು ದಾಟುತ್ತದೆ. ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುವ ಮಾರ್ಗವಿದು. ಅಲ್ಲಿಂದ ಲೀ ವೈನಿಂಗ್ ಎಂಬ ಹಳ್ಳಿಗೆ ೧೨ ಮೈಲಿ. ಅಷ್ಟರಲ್ಲಿ ದಾರಿ ೩,೦೦೦ ಅಡಿಗೂ ಹೆಚ್ಚು ಕೆಳಗಿಳಿಯುತ್ತದೆ. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಆಳವಾದ ಕಮರಿ. ಕೆಳಗೆ ದೂರದಲ್ಲಿ ಮೋನೋ ಸರೋವರದ ನೀಲಿ. ಚೀಟಿಯ ಮಿತಿಯನ್ನು ಮೀರಿದ ವಾಹನದ ಬ್ರೇಕು ಈ ಇಳಿಜಾರಿನಲ್ಲಿ ಕಾಯ್ದು ಹಿಡಿತ ಕಳೆದುಕೊಳ್ಳಬಹುದು. ಟೈರು ಬಿಸಿಯೇರಿ ಸಿಡಿಯಬಹುದು. ಹಿಂಭಾಗ ಕುಸಿಯದಂತೆ ಗಾಳಿಚೀಲಗಳನ್ನು ಅಳವಡಿಸುವುದುಂಟು. ಅವು ವಾಹನವನ್ನು ಮಟ್ಟವಾಗಿ ನಿಲ್ಲಿಸುತ್ತವೆಯೇ ಹೊರತು ಬ್ರೇಕಿಗೂ ಅಚ್ಚಿಗೂ ಹೊಸ ಬಲವನ್ನು ಕೊಡಲಾರವು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಗಟ್ಟಿ ಗೋಡೆಯ ಎತ್ತರದ ಕ್ಯಾಂಪರುಗಳು ಮನೆಯಂತೆಯೇ ಬೆಚ್ಚಗಿರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಅರ್ಧ ಟನ್ನಿನ ಪಿಕಪ್ಪಿಗೆ ಮಿಗಿಲಾದ ಹೊರೆ. ಎರಡನೆಯದು ಮಾಡನ್ನು ಎತ್ತಿ ಇಳಿಸಬಹುದಾದ ಬಗೆ. ಫೋರ್ ವೀಲ್ ಕ್ಯಾಂಪರ್ಸ್ ಎಂಬ ಸಂಸ್ಥೆ ೧೯೭೨ರಿಂದ ಇಂತಹವನ್ನು ತಯಾರಿಸುತ್ತ ಬಂದಿದೆ. ಓಡುವಾಗ ಮಾಡು ತಗ್ಗಾಗಿರುವುದರಿಂದ ಅಡ್ಡಗಾಳಿಯ ಹೊಡೆತ ಕಡಮೆ. ಸಿಯೆರಾದ ಪೂರ್ವ ತಪ್ಪಲಿನ ೩೯೫ನೆಯ ಹೆದ್ದಾರಿಯಲ್ಲಿ ಬೀಸುವ ಬಿರುಗಾಳಿಯನ್ನು ಬಲ್ಲವರು ಇದರ ಬೆಲೆಯನ್ನು ಅರಿಯುತ್ತಾರೆ. ಕೊರತೆಯೂ ಇಲ್ಲದಿಲ್ಲ: ಮೇಲ್ಭಾಗದ ಗೋಡೆ ಕ್ಯಾನ್ವಾಸಿನದು, ಚಳಿ ಬೇಗ ಒಳನುಗ್ಗುತ್ತದೆ. ಕರಡಿಗಳಿರುವ ಯೊಸೆಮಿಟಿಯಲ್ಲಿ ಬಟ್ಟೆಯ ಗೋಡೆಯ ಹಿಂದೆ ತಿಂಡಿ ಇಡುವಂತಿಲ್ಲ; ರಾತ್ರಿ ಊಟವಾದ ಬಳಿಕ ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಬಿಡಾರದ ಬಳಿ ಇರಿಸಿರುವ ಉಕ್ಕಿನ ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು.

ಮೂರನೆಯದು ಬರಿಯ ಚಿಪ್ಪು. ಮೇಲೆ ಮಲಗುವ ಜಾಗ, ಕೆಳಗೆ ಖಾಲಿ ತೊಟ್ಟಿ, ಅಷ್ಟೆ. ಅದಕ್ಕೆ ೧೫೦ ಕಿಲೋ, ಹಲಗೆ, ಒಂದು ಒಲೆ, ಮಂಜುಗಡ್ಡೆಯ ಪೆಟ್ಟಿಗೆಗೆ ೬೦, ನೀರಿಗೆ ೪೦, ದಂಪತಿಗಳಿಗೆ ೧೪೦, ಸಾಮಾನಿಗೆ ೮೦ ಎಂದರೆ ೪೭೦ ಕಿಲೋ. ಚೀಟಿಯ ಮಿತಿಗೆ ಇನ್ನೂ ೩೦೦ ಕಿಲೋ ಬಾಕಿ. ಮಕ್ಕಳಿಬ್ಬರು ಕೂಡಿಕೊಂಡರೂ ಪಿಕಪ್ ಗೊಣಗುವುದಿಲ್ಲ. ಅವರಿಗೆ ಹೊರಗೊಂದು ಗುಡಾರ ಹೂಡಿದರಾಯಿತು. ಎರಡನೆಯದನ್ನೇ ಬಯಸುವವರು ರೆಫ್ರಿಜಿರೇಟರನ್ನೋ ತೊಟ್ಟಿ ತುಂಬ ನೀರನ್ನೋ ತ್ಯಜಿಸಿ, ಎಲ್ಲವನ್ನೂ ಹೇರಿದ ಮೇಲೆ ಹೆದ್ದಾರಿಯ ಪಕ್ಕದ ವೇಬ್ರಿಡ್ಜಿನಲ್ಲಿ ಒಮ್ಮೆ ತೂಗಿಸಿ ಹೊರಡತಕ್ಕದ್ದು. ಊಹೆ ಸುಳ್ಳಾಡಬಹುದು, ತಕ್ಕಡಿ ಆಡುವುದಿಲ್ಲ.

ಇಷ್ಟೆಲ್ಲ ಕಷ್ಟವೇಕೆ, ಹೋಟೆಲಿನಲ್ಲಿ ತಂಗಬಾರದೇ ಎಂದು ಕೇಳಬಹುದು. ಲೀ ವೈನಿಂಗ್‌ನಿಂದ ದಕ್ಷಿಣಕ್ಕೆ ತಿರುಗಿ ಬಿಷಪ್ ಪಟ್ಟಣವನ್ನು ದಾಟಿದರೆ ಓವೆನ್ಸ್ ಕಣಿವೆ ವಿಶಾಲವಾಗಿ ಹರಡಿಕೊಂಡಿದೆ. ಅಲ್ಲಿಯ ಸರ್ಕಾರಿ ಬಯಲಿನಲ್ಲಿ ಬಹುಪಾಲು ಕಡೆ ೧೪ ದಿನಗಳವರೆಗೆ ಬಿಡಾರ ಹೂಡಲು ಅನುಮತಿಯುಂಟು. ದೊಡ್ಡ ಮನೆಬಂಡಿಗಳು ತಿರುಗಲಾರದ ಮಣ್ಣಿನ ಜಾಡುಗಳಲ್ಲಿ ಹಗುರವಾದ ಪಿಕಪ್ ನಿರಾಯಾಸವಾಗಿ ಸಾಗುತ್ತದೆ. ಸೇಜ್ ಗಿಡಗಳ ನಡುವೆ ನಿಂತ ಪುಟ್ಟ ಗೂಡಿನ ಬಾಗಿಲು ತೆರೆದು ಹೊರಗೆ ಕಾಲಿಟ್ಟಾಗ, ಸೂರ್ಯೋದಯದ ಮೊದಲ ಬಿಸಿಲು ೧೪,೫೦೫ ಅಡಿ ಎತ್ತರದ ವಿಟ್ನಿ ಶಿಖರದ ಮೇಲೆ ಬೀಳುತ್ತಿರುತ್ತದೆ. ಒಲೆಯ ಮೇಲೆ ಕಾಫಿಯ ನೀರು ಕುದಿಯುತ್ತದೆ. ಮನೆಯಲ್ಲಿ ಬಿಟ್ಟುಬಂದ ೧೩೦ ಕಿಲೋ ಸಾಮಾನಿನ ಪೈಕಿ ಒಂದಾದರೂ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.