ಕೆನಡಾಕ್ಕೆ ಹೋಗದ ಕಾರು

"ತಾತಾ, ನಮ್ಮ ಕಾರೂ ಹಡಗಿನ್ಯಾಗ ಬರ್ತದಲ್ಲ?"

ಮೊಮ್ಮಗ ಹೀಗೆ ಕೇಳಿದಾಗ ಮನೆಯವರೆಲ್ಲ ನಕ್ಕರು. ನಾನು ನಗಲಿಲ್ಲ. ಮಗನಿಗೆ ಕೆನಡಾದ ವಿನ್ನಿಪೆಗ್‌ನಲ್ಲಿ ಕೆಲಸ ಸಿಕ್ಕಿತ್ತು. ಸೊಸೆ ಮತ್ತು ಒಂಬತ್ತು ವರ್ಷದ ಮೊಮ್ಮಗ ಜೊತೆಗೆ ಹೊರಟಿದ್ದರು. ರಾಯಚೂರಿನ ಮನೆಯಲ್ಲಿ ಉಳಿಯುವವನು ನಾನೊಬ್ಬನೇ.

ನಮ್ಮಲ್ಲಿ ಎರಡು ಕಾರುಗಳಿದ್ದವು. ಮಗನದು 2019ರದು. ನನ್ನದು 1996ರ ಮಾರುತಿ 800. ಮಾನ್ವಿ ಶಾಖೆಯಲ್ಲಿದ್ದಾಗ ಬ್ಯಾಂಕಿನ ಸಿಬ್ಬಂದಿ ಸಾಲ ತೆಗೆದು ಕೊಂಡದ್ದು. ಕಂತು ತೀರುವ ಮೊದಲೇ ದೇವದುರ್ಗಕ್ಕೆ ವರ್ಗವಾಯಿತು. ಅಲ್ಲಿ ಒಂದು ಮಳೆಯ ರಾತ್ರಿ ಮಗನಿಗೆ ಜ್ವರ ಏರಿ ಎಚ್ಚರ ತಪ್ಪಿತು. ಇದೇ ಕಾರಿನಲ್ಲಿ ರಾಯಚೂರಿಗೆ ಓಡಿಬಂದೆವು. ನನ್ನ ಹೆಂಡತಿ ಹಿಂದಿನ ಸೀಟಿನಲ್ಲಿ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅವನನ್ನು ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಅವಳು ಈಗಿಲ್ಲ. ಆ ಸೀಟಿನ ಕವರು ನಾನು ಬದಲಿಸಿಲ್ಲ.

ಗುಮಾಸ್ತನ ಬುದ್ಧಿ ನೋಡಿ, ನಿಯಮ ಓದದೆ ಯಾರಿಗೂ 'ಇಲ್ಲ' ಅನ್ನಲಾರೆ. ಕನ್ನಡಕ ಏರಿಸಿ ಓದಿದೆ. ನಮ್ಮಂಥ ದೇಶದಿಂದ ಕೆನಡಾಕ್ಕೆ ಒಯ್ಯುವ ಕಾರು ಆ ದೇಶದ ಸುರಕ್ಷತಾ ನಿಯಮದಂತೆಯೇ ತಯಾರಾಗಿರಬೇಕು. ಆದ್ದರಿಂದ ಮಗನ ಕಾರು ಅಲ್ಲಿಗೆ ಹೋಗುವಂತಿರಲಿಲ್ಲ. ಆದರೆ ತಯಾರಾಗಿ 15 ವರ್ಷ ದಾಟಿದ ಕಾರಿಗೆ ಈ ಷರತ್ತಿಲ್ಲ! ನಮ್ಮಲ್ಲಿ 15 ತುಂಬಿದ ಕಾರು ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಂತು ನೋಂದಣಿ ನವೀಕರಿಸಿಕೊಳ್ಳಬೇಕು, ಪಿಂಚಣಿದಾರರು ಬದುಕಿದ್ದೇವೆಂದು ಪ್ರಮಾಣಪತ್ರ ಕೊಟ್ಟ ಹಾಗೆ. ಇಲ್ಲಿಯ ಮುದುಕನಿಗೆ ಅಲ್ಲಿ ಬಾಗಿಲು ತೆರೆದಿತ್ತು.

ಇನ್ನೊಂದು ನಿಯಮವೂ ಇತ್ತು. ಗಾಡಿಗೆ ಮಣ್ಣು ಅಂಟಿರಕೂಡದು. ಮಣ್ಣಿನ ಜೊತೆ ಹುಳು, ಬೆಳೆರೋಗ ದೇಶದೊಳಗೆ ಬರುತ್ತವೆಂಬ ಭಯ. ಮೊಮ್ಮಗ ಬಕೆಟ್ಟು, ಬ್ರಷ್ಷು ಹಿಡಿದು ಕುಳಿತೇಬಿಟ್ಟ. ಮಡ್‌ಗಾರ್ಡಿನ ಒಳಗಿಂದ ಮಾನ್ವಿ ಕಡೆಯ ಎರೆಮಣ್ಣು ಕೆರೆದಷ್ಟೂ ಬಂತು.

ರಾತ್ರಿ ನಾನು ಲೆಕ್ಕ ಬರೆದೆ. ಹಡಗಿನ ಬಾಡಿಗೆಯೇ ಕಾರಿನ ಬೆಲೆಯ ಎಷ್ಟೋ ಪಟ್ಟು. ನಮ್ಮ ಸ್ಟಿಯರಿಂಗ್ ಬಲಕ್ಕೆ, ಅಲ್ಲಿಯದು ಎಡಕ್ಕೆ. ನಲವತ್ತು ಡಿಗ್ರಿ ದಾಟುವ ಬಿಸಿಲು ಕಂಡ ಕಾರು, ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ಊರಲ್ಲಿ ಏನು ಮಾಡೀತು?

ಬೆಳಿಗ್ಗೆ ಹೇಳಿದೆ: "ಆ ಥಂಡಿ ಅದಕ್ಕ ತಡಿಯಂಗಿಲ್ಲಪ್ಪ, ವಯಸ್ಸಾಗ್ಯದ."

"ಹಂಗಾದ್ರ ನೀನೂ ಬರಂಗಿಲ್ಲೇನು?"

ನಾನು ಬ್ರಷ್ಷು ತೊಳೆಯುತ್ತ ನಿಂತೆ.

ಅಲ್ಲಿಗೆ ಹೋದ ಮೇಲೆ ಮಗ ಹಳೇ ಕಾರೊಂದನ್ನು ನೋಡಿ, ವಿಡಿಯೊ ಕರೆ ಮಾಡಿದ. "ಅಪ್ಪ, ನೀವೊಮ್ಮೆ ನೋಡ್ರಿ." ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ ಎಂದು ಓದಿದ್ದೆ. ಉಪ್ಪು ಕಬ್ಬಿಣವನ್ನು ಸುಮ್ಮನೆ ಬಿಡುತ್ತದೆಯೇ? "ಕೆಳಗ ಬಗ್ಗಿ ತೋರ್ಸು" ಅಂದೆ. ಅಡಿಯೆಲ್ಲ ತುಕ್ಕು! ಅದನ್ನು ಬಿಡಿಸಿದೆ. ಮೂರನೆಯದು ಒಪ್ಪಿಗೆಯಾಯಿತು. ಚಳಿಗಾಲದ ಬೇರೆ ಟೈರುಗಳೂ ಜೊತೆಗೆ ಬಂದವು. ಅವುಗಳ ರಬ್ಬರು ಚಳಿಗೆ ಗಟ್ಟಿಯಾಗದೆ ಮೆತ್ತಗೇ ಉಳಿದು ಹಿಮದಲ್ಲಿ ಹಿಡಿತ ಕೊಡುತ್ತದಂತೆ.

ಮೊಮ್ಮಗನಿಗೆ ಬೆರಗು ಹುಟ್ಟಿಸಿದ್ದು ಬ್ಲಾಕ್ ಹೀಟರ್. ಕಾರಿನ ಮುಂದೆ ಒಂದು ವೈರು ನೇತಾಡುತ್ತದೆ. ರಾತ್ರಿ ಅದನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿದರೆ ಎಂಜಿನ್ ಬೆಚ್ಚಗಿದ್ದು, ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ. "ಮೊಬೈಲಿನಂಗ ಚಾರ್ಜಿಗೆ ಹಾಕ್ತೀವಿ ತಾತಾ!"

ನಮ್ಮ ಮಾರುತಿಗೆ ಅದೆಲ್ಲ ಬೇಕಿಲ್ಲ. ಆದರೂ ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. ಆಗ ಅಲ್ಲಿ ರಾತ್ರಿ. ಮಲಗುವ ಮುಂಚೆ ಮೊಮ್ಮಗ ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ: "ಇವತ್ತು ಚಾಲೂ ಆತೇನು ತಾತಾ?" ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿಯುತ್ತೇನೆ.