ಇಂಪಲ್ಸಿವ್ ಸರಿ, ಇಂಪೆಚುವಸ್ ಯಾಕೆ?

ಈ ಸಲದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ನನ್ನ ಬಗ್ಗೆ ಎಲ್ಲ ಒಳ್ಳೆಯದೇ ಬರೆದು, ಕೊನೆಗೆ ಒಂದು ಪದ ಸೇರಿಸಿದ್ದರು: ಇಂಪೆಚುವಸ್. ಇಂಪಲ್ಸಿವ್‌ಗೆ ಇದು ಅಣ್ಣನೋ ತಮ್ಮನೋ ಇರಬೇಕು ಅಂತ ನಕ್ಕು ಸುಮ್ಮನಾದೆ. ಇಂಪಲ್ಸಿವ್ ಅನ್ನಿಸಿಕೊಳ್ಳೋದು ನನಗೇನು ಹೊಸದಲ್ಲ. ಶನಿವಾರ ಬೆಳಗಿನ ಜಾವ ಎಚ್ಚರವಾದರೆ ಬೈಕ್ ತೆಗೆದು ನಂದಿಬೆಟ್ಟಕ್ಕೆ ಹೊರಡುವವನು ನಾನು. ರಾತ್ರಿ ಒಂದು ಗಂಟೆಗೆ ಏರ್ ಫ್ರೈಯರ್ ಆರ್ಡರ್ ಮಾಡಿ, ಬೆಳಗ್ಗೆ ಹೆಂಡತಿಯ ಮುಖ ನೋಡೋಕೆ ಹೆದರುವವನೂ ನಾನೇ.

ಆದರೂ ಮನಸ್ಸು ತಡೆಯದೆ ಡಿಕ್ಷನರಿ ನೋಡಿದೆ. ಎರಡೂ ಲ್ಯಾಟಿನ್ ಮೂಲದವು. ಇಂಪಲ್ಸಿವ್‌ನ ಬೇರಿನಲ್ಲಿ ‘ತಳ್ಳು’ ಅನ್ನೋ ಅರ್ಥವಿದೆ. ಇಂಪೆಚುವಸ್‌ನ ಬೇರಿನಲ್ಲಿರೋದು ‘ಮೇಲೆ ಎರಗು’. ಮೊದಲನೆಯದರಲ್ಲಿ ಒಳಗಿನ ಆಸೆ ನನ್ನನ್ನು ತಳ್ಳುತ್ತದೆ. ಎರಡನೆಯದರಲ್ಲಿ ನಾನೇ ಹಿಂದೆಮುಂದೆ ನೋಡದೆ ನುಗ್ಗುತ್ತೇನೆ.

ಆಗ ಒಂದು ಶುಕ್ರವಾರದ ಸಂಜೆ ನೆನಪಾಯಿತು. ಸಣ್ಣ ಬಗ್ ಒಂದಿತ್ತು. “ಸೋಮವಾರ ಟೆಸ್ಟ್ ಮಾಡಿ ಹಾಕೋಣ ಬ್ರೋ” ಅಂದ ಟೀಮ್‌ನ ಜೂನಿಯರ್ ಹುಡುಗ. “ಎರಡು ಲೈನ್‌ಗೆ ಏನ್ ಟೆಸ್ಟಿಂಗೋ!” ಅಂತ ಎಲ್ಲರೆದುರು ಅವನ ಬಾಯಿ ಮುಚ್ಚಿಸಿ, ರಿವ್ಯೂ ಇಲ್ಲದೆ ಪ್ರೊಡಕ್ಷನ್‌ಗೆ ಹಾಕಿ, ಫೋನ್ ಸೈಲೆಂಟ್ ಮಾಡಿ ಸಿನಿಮಾಕ್ಕೆ ಹೋದೆ.

ಆ ವಾರ ಆನ್‌ಕಾಲ್‌ನಲ್ಲಿದ್ದವನು ಅವನೇ. ಸಿಸ್ಟಮ್ ಬಿತ್ತು. ರಾತ್ರಿಯಿಡೀ ಕೂತು ಹಳೇ ವರ್ಷನ್ ವಾಪಸ್ ತಂದ. ಮರುದಿನ ಹಾಸನದಲ್ಲಿ ಅವನ ತಂಗಿಯ ನಿಶ್ಚಿತಾರ್ಥ. ಬೆಳಗಿನ ಬಸ್ ತಪ್ಪಿ, ಉಂಗುರ ಬದಲಾಯಿಸಿದ ಮೇಲೆ ತಲುಪಿದನಂತೆ. ಇದನ್ನು ಅವನು ನನಗೆ ಹೇಳಲೇ ಇಲ್ಲ, ಬೇರೆಯವರಿಂದ ಗೊತ್ತಾಯಿತು.

ನಮ್ಮಜ್ಜಿಗೆ ಇಂಗ್ಲಿಷ್ ಬರ್ತಿರಲಿಲ್ಲ. ಹೇಳದೆ ಕೇಳದೆ ಬಸ್ ಹತ್ತಿ ಊರಿಗೆ ಹೋದರೆ “ಮನಸ್ಸಾಯ್ತಾ ಮಗಾ?” ಅಂತ ನಗೋರು. ಸಿಟ್ಟಲ್ಲಿ ತಮ್ಮನ ಮೇಲೆ ಕೈ ಎತ್ತಿದರೆ “ದುಡುಕಬೇಡ” ಅಂತ ಗದರೋರು. ನಾನು ಡಿಕ್ಷನರಿಯಲ್ಲಿ ಹುಡುಕಿದ್ದು ಅಜ್ಜಿಗೆ ಮೊದಲೇ ಗೊತ್ತಿತ್ತು.

ಮರುದಿನ ಅವನನ್ನು ಕಾಫಿಗೆ ಕರೆದು ಸಾರಿ ಕೇಳಿದೆ. “ಪರವಾಗಿಲ್ಲ ಬಿಡಿ ಬ್ರೋ” ಅಂದ. ಆದರೆ ಅವನ ಕಣ್ಣು ಕಪ್ಪಿನ ಮೇಲೇ ಇತ್ತು.

ನಂದಿಬೆಟ್ಟದ ಸವಾರಿ ಈಗಲೂ ನಡೀತಿದೆ. ಶುಕ್ರವಾರ ಸಂಜೆ ಮಾತ್ರ ಕೋಡ್ ಹಾಕುವ ಮೊದಲು ಆನ್‌ಕಾಲ್‌ನಲ್ಲಿ ಯಾರಿದ್ದಾರೆ ಅಂತ ನೋಡ್ತೀನಿ.