ಎರಡು ಪದಕಗಳ ವೈದ್ಯ

ಶೌರ್ಯಪದಕವೆಂದೊಡನೆ ಶತ್ರುಸಂಹಾರವೇ ನೆನಪಾಗುವುದು ಲೋಕರೂಢಿ. ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ ಕ್ಯಾಪ್ಟನ್ ನೋಯೆಲ್ ಶಾವಾಸ್ ಅವರ ಶೌರ್ಯದ ಬಗೆಯೇ ಬೇರೆ. 1916ರ ಆಗಸ್ಟಿನಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಜರ್ಮನರ ಕಂದಕಗಳ ಸಮೀಪದವರೆಗೂ ಹೋಗಿ ಗಾಯಾಳುಗಳನ್ನು ಹುಡುಕಿ ತಂದುದಕ್ಕಾಗಿ ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು.

1917ರ ಜುಲೈ 31ರಂದು ಬೆಲ್ಜಿಯಂನ ಈಪ್ರ್ ಬಳಿಯ ಕದನದಲ್ಲಿ ಅವರ ತಲೆಗೇ ತೀವ್ರ ಗಾಯವಾಯಿತು. ಚಿಕಿತ್ಸೆಗೆಂದು ಹಿಂದಕ್ಕೆ ತೆರಳಿದ್ದರೆ ಆಕ್ಷೇಪಿಸುವವರಾರು? ಅವರು ಶುಶ್ರೂಷಾಠಾಣೆಯನ್ನು ಬಿಡಲಿಲ್ಲ. ಎರಡು ದಿನ ಬಹುಮಟ್ಟಿಗೆ ನಿರಾಹಾರರಾಗಿ, ಬಳಲಿದ ದೇಹದಿಂದಲೇ ಗುಂಡಿನ ಮಳೆಯಲ್ಲಿ ಮತ್ತೆ ಮತ್ತೆ ಹೊರಹೋಗಿ ಬಿದ್ದವರನ್ನು ಅರಸಿದರು. ಕಡೆಗೆ ಠಾಣೆಯ ಮೇಲೆಯೇ ಶೆಲ್ ಬಿದ್ದಿತು. ಆಗಸ್ಟ್ 4ರಂದು, 32ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಎರಡನೆಯ ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂದಿತು. ಆ ಮಹಾಯುದ್ಧದಲ್ಲಿ ಅದನ್ನು ಎರಡು ಬಾರಿ ಗಳಿಸಿದವರು ಇನ್ನೊಬ್ಬರಿಲ್ಲ. ಬ್ರಾಂಡ್‌ಹೂಕ್‌ನಲ್ಲಿರುವ ಅವರ ಸಮಾಧಿಶಿಲೆಯ ಮೇಲೆ ಎರಡೂ ಪದಕಗಳನ್ನು ಕೆತ್ತಲಾಗಿದೆ.